ಎರಡೂವರೆ ಸಾವಿರದ ರೀಲ್ ಉಪ್ಪುನೀರಲ್ಲಿ ಬಾಳಿದ ಬಗೆ: ನನ್ನ ಅನುಭವ

ಸುಮಾರು ಎರಡೂವರೆ ಸಾವಿರಕ್ಕೆ ತಗೊಂಡ ಸ್ಪಿನ್ನಿಂಗ್ ರೀಲ್ (ಗಾಳದ ದಾರ ಸುತ್ತುವ ಸಾಧನ) ಒಂದು ನನ್ನ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಮೇಲೆ ಈಗ ಮೂರನೇ ಸೀಸನ್ ಓಡುತ್ತಿದೆ. ಜಾಗ ಕುಂದಾಪುರದ ಪಂಚಗಂಗಾವಳಿ, ಗಂಗೊಳ್ಳಿ ಅಳಿವೆ, ಗಾಳಿ ಕಮ್ಮಿ ಇದ್ದ ದಿನ ಕೋಡಿಯ ಹೊರಗಿನ ಕಡಲು. ಹಿಡಿ ತಿರುಗಿಸಿದರೆ ಕರಕರ ಇಲ್ಲ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬ್ರೇಕು, ತಡವರಿಸುವುದಿಲ್ಲ. ಇದು ದೀಪಾವಳಿಗೆ ಶುರು ಮಾಡಿದರೆ ಶಿವರಾತ್ರಿ ಕಾಣುವುದಿಲ್ಲ ಎಂದವರು ತುಂಬ ಜನ. ಗಂಗೊಳ್ಳಿಯಲ್ಲಿ ಕೈಗಾಳದ ಹಿರಿಯರೊಬ್ಬರು ಅದನ್ನು ಕೈಯಲ್ಲಿ ಹಿಡಿದು ನೋಡಿ, "ಉಪ್ಪ್ ನೀರಲ್ ಇದ್ ಬಾಳ್ಕಿ ಬತ್ತಿಲ್ಲೆ ಮಾಣಿ" ಎಂದು ವಾಪಸ್ ಕೊಟ್ಟಿದ್ದರು. ಈಗ ಅವರ ಮೊಮ್ಮಗನ ರೀಲ್ ಸರ್ವಿಸ್ ಮಾಡಿಕೊಡುವುದು ನಾನೇ.

ದಡದ ಮೇಲೆ ನಿಂತು ಗಾಳ ಹಾಕುವವರ ಲೆಕ್ಕ ಕಯಾಕ್‌ಗೆ ಹೊಂದುವುದಿಲ್ಲ. ಕಯಾಕ್‌ನಲ್ಲಿ ಕೂತರೆ ರೀಲ್‌ಗೂ ನೀರಿಗೂ ಒಂದು ಮೊಳ ಅಂತರ ಇದ್ದರೆ ಹೆಚ್ಚು. ಹುಟ್ಟು ಎತ್ತಿದಾಗಲೆಲ್ಲ ಹನಿ ಬೀಳುವುದು ಅದರ ಮೇಲೇ. ಮೀನು ಪಕ್ಕಕ್ಕೆ ಬಂದಾಗ ರಾಡ್ ತಗ್ಗಿಸಿದರೆ ರೀಲ್ ಮುಳುಗುತ್ತದೆ. ಕೋಡಿಯಲ್ಲಿ ಅಲೆ ದಾಟುವಾಗಂತೂ ಮರಳು ಸಮೇತ ಸ್ನಾನ. ಹಾಗಾಗಿ ಕಯಾಕ್ ರೀಲ್ ಒಳಗೆ ಉಪ್ಪುನೀರು ಹೋಗೇ ಹೋಗುತ್ತದೆ ಎಂದುಕೊಂಡೇ ಆರಿಸಬೇಕು.

ಇದು ತಿಳಿಯುವ ಹೊತ್ತಿಗೆ ಹದಿನೈದು ಸಾವಿರದಷ್ಟು ಹೋಗಿತ್ತು. ಮೊದಲನೆಯದು ಹೆಸರಿಲ್ಲದ ಮಾಲು, ಸಾವಿರದ ಇನ್ನೂರು ಇರಬೇಕು. ಪೆಟ್ಟಿಗೆ ಮೇಲೆ ದೊಡ್ಡದಾಗಿ 13 ಬೇರಿಂಗ್ ಅಂತ ಬರೆದಿತ್ತು. ತಿಂಗಳೊಳಗೆ ಲೈನ್ ರೋಲರ್ (ದಾರ ಹಾದು ತಿರುಗುವ ಪುಟ್ಟ ಉರುಳೆ) ಹಿಡಿದುಕೊಂಡಿತು. ರೋಲರ್ ತಿರುಗದಿದ್ದರೆ ಏನಾಗುತ್ತದೆ ಗೊತ್ತಲ್ವಾ? ಬ್ರೇಡ್ (ಹೆಣೆದ ಗಾಳದ ದಾರ) ಅದರ ಮೇಲೆ ಉಜ್ಜಿ ಉಜ್ಜಿ ಗೀರು ಮಾಡಿತು, ಆಮೇಲೆ ಅದೇ ಗೀರು ಬ್ರೇಡನ್ನು ತಿಂದಿತು. ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಹತ್ತಿರ ಒಳ್ಳೆ ಕೆಂಬೆರಿ ಮೀನು ಒಂದು ಹಾಗೇ ಲೈನ್ ಕಡಿದು ಹೋಯಿತು.

ಎರಡನೆಯದು ಒಂಬತ್ತು ಸಾವಿರದ ಹತ್ತಿರದ್ದು, ಪೂರ್ತಿ ಅಲ್ಯೂಮಿನಿಯಂ ಬಾಡಿ. ಗಟ್ಟಿ ರೀಲ್, ಅದರಲ್ಲಿ ಅನುಮಾನ ಇಲ್ಲ. ಆದರೆ ರಾಡ್ ಹೋಲ್ಡರ್‌ಗೆ ತಾಗಿ ಬಣ್ಣ ಎದ್ದಲ್ಲೆಲ್ಲ ಬಿಳಿ ಪುಡಿ ಹಿಡಿಯಿತು. ಸರ್ವಿಸ್‌ಗೆ ಕೊಟ್ಟೆ. ಒಂದೂವರೆ ತಿಂಗಳು, ಸಾವಿರದ ನಾನೂರು ಬಿಲ್ಲು, ವಾಪಸ್ ಬಂದಾಗ ಅದೇ ಸದ್ದು. ಮೂರನೆಯದು ನಾಲ್ಕು ಸಾವಿರದ 'ಸೀಲ್ಡ್' ರೀಲ್. ದುಬಾರಿ ಸೀಲ್ಡ್ ರೀಲ್‌ಗಳ ಮಾತು ಬೇರೆ, ಅವು ನಿಜಕ್ಕೂ ನೀರು ತಡೆಯುತ್ತವೆ. ಈ ಬೆಲೆಯಲ್ಲಿ ಸಿಗುವ ರಬ್ಬರ್ ಒಂದು ಸಲ ನೀರು ಒಳಗೆ ಬಿಟ್ಟರೆ ಹೊರಗೆ ಹೋಗಲು ಬಿಡುವುದಿಲ್ಲ. ಬಿಚ್ಚಿದಾಗ ಒಳಗೆ ಕೆಂಪು ಕೆಸರು ಇತ್ತು.

ಆಮೇಲೆ ನಾನು ಆರಿಸುವ ಲೆಕ್ಕವನ್ನೇ ಬದಲಿಸಿದೆ. ಈಗ ನೋಡುವುದು ಒಂದೇ: ಈ ರೀಲನ್ನು ನಾನು ಅಡುಗೆಮನೆ ಮೇಜಿನ ಮೇಲೆ ಒಂದು ಸ್ಕ್ರೂಡ್ರೈವರ್‌ನಲ್ಲಿ ಪೂರ್ತಿ ಬಿಚ್ಚಿ, ಅರ್ಧ ಗಂಟೆಯಲ್ಲಿ ಜೋಡಿಸಬಹುದಾ? ಬೇರಿಂಗ್ ಜಾಸ್ತಿ ಇದ್ದಷ್ಟೂ ತುಕ್ಕು ಹಿಡಿಯುವ ಜಾಗ ಜಾಸ್ತಿ. ಗ್ರಾಫೈಟ್ ಬಾಡಿ ದೊಡ್ಡ ಮೀನಿಗೆ ಸ್ವಲ್ಪ ಬಾಗುತ್ತದೆ, ನಿಜ. ಆದರೆ ಅದಕ್ಕೆ ಉಪ್ಪು ತಾಗುವುದಿಲ್ಲ. ನನ್ನ ಹತ್ತಿರ ಈಗಿರುವುದು ಶಿಮಾನೋ ಸಿಯೆನ್ನಾ 4000 (ಇದು ಅಳತೆಯ ನಂಬರು, ಬೆಲೆ ಅಲ್ಲ) ಎರಡು, ಪೆನ್ ಪರ್ಸ್ಯೂಟ್ 4 ಒಂದು. ಸಿಯೆನ್ನಾದಲ್ಲಿ 3+1 ಬೇರಿಂಗ್ (ಗುಂಡಿನದು ಮೂರು, ಉರುಳೆಯದು ಒಂದು) ಅಷ್ಟೇ, ಅದೇ ನನಗೆ ಇಷ್ಟವಾದದ್ದು. ಪರ್ಸ್ಯೂಟ್‌ನ ಕಾರ್ಬನ್ ಡ್ರ್ಯಾಗ್ ಈ ಬೆಲೆಗೆ ದೊಡ್ಡ ಮಾತು. ಸಿಯೆನ್ನಾ ಎರಡು ತಗೊಂಡಿದ್ದು ಬೇಕಂತಲೇ. ಒಂದು ಕೈಕೊಟ್ಟರೆ ಇನ್ನೊಂದು ಅದಕ್ಕೆ ಬಿಡಿಭಾಗ. ಅಗ್ಗದ ರೀಲ್‌ಗೆ ಬಿಡಿಭಾಗ ತರಿಸುವುದಕ್ಕಿಂತ ಇನ್ನೊಂದು ರೀಲ್ ತಗೊಳ್ಳುವುದೇ ಸುಲಭ.

ಅಂಗಡಿಯಲ್ಲಿ ನಾನು ಹಿಡಿಯನ್ನು ಜೋರಾಗಿ ತಿರುಗಿಸುವುದೇ ಇಲ್ಲ. ಜೋರಾಗಿ ತಿರುಗಿಸಿದರೆ ಎಲ್ಲ ರೀಲೂ ಚೆನ್ನಾಗಿರುತ್ತದೆ. ಒಂದೊಂದು ಹಲ್ಲು ಕೈಗೆ ಸಿಗುವಷ್ಟು ನಿಧಾನ ತಿರುಗಿಸಿ. ಆಮೇಲೆ ಹಿಡಿಯನ್ನು ಒಳಕ್ಕೆ ಹೊರಕ್ಕೆ ಅಲುಗಾಡಿಸಿ, ಸಡಿಲ ಇದ್ದರೆ ಅಲ್ಲೇ ಬಿಡಿ. ಮಡಚುವ ಹಿಡಿಗಿಂತ ನೇರ ಸ್ಕ್ರೂ ಆಗುವ ಹಿಡಿ ಸಿಕ್ಕರೆ ಎರಡು ನೂರು ಜಾಸ್ತಿ ಕೊಡಬಹುದು. ಡ್ರ್ಯಾಗ್ ಅರ್ಧ ಬಿಗಿ ಮಾಡಿ ಲೈನ್ ಮೆಲ್ಲಗೆ ಎಳೆಯಿರಿ. ಸ್ಪೂಲ್ (ದಾರ ಸುತ್ತಿರುವ ಉರುಳೆ) ಮೊದಲ ಅರ್ಧ ಇಂಚು ಹೇಗೆ ಹೊರಡುತ್ತದೆ ಅನ್ನುವುದನ್ನು ಕಣ್ಣಿಟ್ಟು ನೋಡಿ. ಜರ್ಕ್ ಹೊಡೆದು ಹೊರಟರೆ ಮೀನು ಹೋಗುವುದು ಅಲ್ಲೇ. ಜೇಬಿನಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇರುತ್ತದೆ. ಬೇಲ್ ತಂತಿಗೂ (ದಾರ ಹಿಡಿದು ಸ್ಪೂಲಿಗೆ ಸುತ್ತುವ ಬಾಗಿದ ತಂತಿ) ಸ್ಕ್ರೂಗಳಿಗೂ ಹಿಡಿದು ನೋಡುತ್ತೇನೆ. ಗಟ್ಟಿಯಾಗಿ ಅಂಟಿಕೊಂಡರೆ ತುಕ್ಕಿನ ಭಯ ಜಾಸ್ತಿ. ಇದು ಪಕ್ಕಾ ಪರೀಕ್ಷೆ ಅಲ್ಲ, ಕೆಲವು ಸ್ಟೇನ್‌ಲೆಸ್ ಕೂಡ ಅಂಟುತ್ತದೆ. ಆದರೂ ಹತ್ತು ರೀಲ್ ಮುಂದಿಟ್ಟಾಗ ಐದನ್ನು ಬದಿಗೆ ಸರಿಸಲು ಸಾಕು.

ಇನ್ನು ಡ್ರ್ಯಾಗ್ ಎಷ್ಟು ಕಿಲೋ ಅಂತ ಕೇಳುವವರು ತುಂಬ. ಪೆಟ್ಟಿಗೆ ಮೇಲೆ ಹನ್ನೆರಡು ಕಿಲೋ ಅಂತ ಇದ್ದರೆ ಕಯಾಕ್‌ನಲ್ಲಿ ಕೂತವನಿಗೆ ಏನು ಲಾಭ? 20 ಪೌಂಡ್ ಬ್ರೇಡ್ ಅಂದರೆ ಸುಮಾರು ಒಂಬತ್ತು ಕಿಲೋ ಎಳೆತ ತಡೆಯುವ ದಾರ. ಅದರ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಡ್ರ್ಯಾಗ್ ಇಟ್ಟರೆ ಎರಡೂವರೆ ಮೂರು ಕಿಲೋ. ಲಗೇಜ್ ತೂಗುವ ಚಿಕ್ಕ ತಕ್ಕಡಿ ಲೈನ್‌ಗೆ ಕಟ್ಟಿ ಎಳೆದು ಸೆಟ್ ಮಾಡುತ್ತೇನೆ. ಅದಕ್ಕಿಂತ ಜಾಸ್ತಿ ಎಳೆದರೆ ಮೀನು ಕಯಾಕನ್ನೇ ಎಳೆದುಕೊಂಡು ಹೋಗುತ್ತದೆ, ದೋಣಿಯೇ ಡ್ರ್ಯಾಗ್ ಆಗುತ್ತದೆ. ನಾಲ್ಕು ಕಿಲೋದ ಟ್ರೆವಲಿ ಮೀನು ಒಂದು ನನ್ನನ್ನು ಅಳಿವೆಯ ನಡುವಿನಿಂದ ಕೋಡಿ ಕಡೆಯ ಕಲ್ಲಿನ ತಡೆಗೋಡೆವರೆಗೂ ಎಳೆದಿತ್ತು. ರೀಲ್ ಆರಾಮಾಗೇ ಇತ್ತು. ಕಾಂಡ್ಲಾ ಬೇರು, ಚಿಪ್ಪುಗಲ್ಲು ಇರುವ ಕಡೆ ಮಾತ್ರ ಕಷ್ಟ. ಅಲ್ಲಿ ಡ್ರ್ಯಾಗ್ ಜೊತೆಗೆ ಕೈಯಿಂದ ಸ್ಪೂಲ್ ಒತ್ತಿ ಹಿಡಿಯುತ್ತೇನೆ.

ಡ್ರ್ಯಾಗ್ ಒಳಗೆ ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ವಾಷರ್ ಬಂದಿದ್ದರೆ ತೆಗೆದು ಕಾರ್ಬನ್ ಹಾಕಿಕೊಳ್ಳಿ. ಸುಮ್ನೆ ಒಂದು ಪ್ರಯೋಗ ಅಂತ ಹಾರ್ಡ್‌ವೇರ್ ಅಂಗಡಿಯ ಟೆಫ್ಲಾನ್ ಹಾಳೆ ತಂದು ವಾಷರ್ ಕತ್ತರಿಸಿ ಹಾಕಿದ್ದೆ. ನಯವಾಗಿ ಜಾರುತ್ತಿತ್ತು, ವಿಪರೀತ ನಯ. ಎಷ್ಟು ಬಿಗಿ ಮಾಡಿದರೂ ಒಂದೂವರೆ ಕಿಲೋ ದಾಟಲಿಲ್ಲ. ಕಾಣೆ ಮೀನು ಹಿಡಿಯಲು ಸಾಕು, ಬೇರೆ ಯಾವುದಕ್ಕೂ ಆಗದು.

ಈಗ ಗ್ರೀಸ್. ಹೊಸ ರೀಲ್ ಮನೆಗೆ ಬಂದ ದಿನವೇ ಬಿಚ್ಚುತ್ತೇನೆ, ನೀರಿಗೆ ಇಳಿಸುವ ಮೊದಲು. ಅಗ್ಗದ ರೀಲ್ ಬಿಚ್ಚಿದರೆ ಗೇರಿನ ಒಂದು ಕಡೆ ಗ್ರೀಸ್ ಗುಡ್ಡೆ, ಇನ್ನೊಂದು ಕಡೆ ಬರಿ ಲೋಹ. ಎಲ್ಲ ಒರೆಸಿ, ಔಟ್‌ಬೋರ್ಡ್ ಎಂಜಿನ್ ರಿಪೇರಿಯವರ ಹತ್ತಿರ ಸಿಗುವ ಮರೈನ್ ಗ್ರೀಸ್ ತುಂಬುತ್ತೇನೆ. ಒಂದು ಡಬ್ಬಿ ನಾನೂರು ಐನೂರು ಆಗಬಹುದು, ವರ್ಷಗಟ್ಟಲೆ ಬರುತ್ತದೆ. ಹಿಡಿ ಪಕ್ಕದ ಬೇರಿಂಗ್‌ಗಳ ಮುಚ್ಚಳ ಎಬ್ಬಿಸಿ ಒಳಗೂ ತುಂಬುತ್ತೇನೆ. ಬಾಡಿಯ ಪ್ರತಿ ಸ್ಕ್ರೂ ಎಳೆಗೂ ಒಂದು ತೊಟ್ಟು. ಸ್ಕ್ರೂ ಕಚ್ಚಿಕೊಂಡರೆ ರೀಲ್ ಮುಗಿಯಿತು, ಮತ್ತೆ ತೆರೆಯಲು ಆಗುವುದಿಲ್ಲ.

ಒಂದೇ ಒಂದು ಕಡೆ ಗ್ರೀಸ್ ಬೇಡ. ಅದು ರೋಟರ್ (ಸ್ಪೂಲ್ ಸುತ್ತ ತಿರುಗುವ ಭಾಗ) ಕೆಳಗಿನ ಆಂಟಿ ರಿವರ್ಸ್ ಬೇರಿಂಗ್, ಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವುದು. ಒಳಗಿರುವ ಸಣ್ಣ ಸಣ್ಣ ಉರುಳೆಗಳು ಹಿಂದಕ್ಕೆ ಸರಿದು ಶಾಫ್ಟನ್ನು ಕಚ್ಚಬೇಕು. ದಪ್ಪ ಗ್ರೀಸ್ ಹೋದರೆ ಅವು ಕಚ್ಚುವುದಿಲ್ಲ, ಮೀನು ಎಳೆದಾಗ ಹಿಡಿ ಹಿಂದಕ್ಕೆ ತಿರುಗಿ ಬೆರಳಿನ ಗೆಣ್ಣಿಗೆ ಹೊಡೆಯುತ್ತದೆ. ಅಲ್ಲಿಗೆ ತೆಳು ಎಣ್ಣೆ, ಎರಡೇ ಹನಿ. ಎಣ್ಣೆ ಯಾವುದು ಅಂತ ಕೇಳಬೇಡಿ. ತುಂಬ ಹುಡುಕಿ ಸಿಕ್ಕಿದ್ದು, ಅದು ನನ್ನ ಹತ್ತಿರವೇ ಇರಲಿ.

ಬೇರೆ ಬೇರೆ ಗ್ರೀಸ್‌ಗಳನ್ನೂ ನೋಡಿದ್ದೇನೆ. ಗಾಡಿಯ ಗ್ರೀಸ್ ಉಪ್ಪುನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿತು. ತೆಂಗಿನೆಣ್ಣೆ ಬೇಸಿಗೆಯಲ್ಲಿ ಚೆನ್ನಾಗಿತ್ತು, ಡಿಸೆಂಬರ್ ಬೆಳಗಿನ ಜಾವ ಹೆಪ್ಪುಗಟ್ಟಿ ಹಿಡಿ ಬಿಗಿಯಾಯಿತು. ಸ್ಪ್ರೇ ಡಬ್ಬಿಗಳು ಇದ್ದ ಗ್ರೀಸನ್ನೂ ತೊಳೆದುಬಿಡುತ್ತವೆ.

ತೊಳೆಯುವುದರಲ್ಲೇ ಹೆಚ್ಚು ರೀಲ್ ಸಾಯುವುದು. ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟರೆ ಹೊರಗಿನ ಉಪ್ಪನ್ನು ನಾವೇ ಒಳಗೆ ತಳ್ಳಿದ ಹಾಗೆ. ಡ್ರ್ಯಾಗ್ ಬಿಗಿ ಮಾಡಿ, ಚೊಂಬಿನಿಂದ ಸಿಹಿನೀರು ಮೆಲ್ಲಗೆ ಹೊಯ್ದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಬಿಟ್ಟು ನೆರಳಲ್ಲಿ ಒಣಗಿಸುತ್ತೇನೆ. ಪೂರ್ತಿ ಮುಳುಗಿದ ದಿನ ಮಾತ್ರ ರಾತ್ರಿ ಊಟ ತಡವಾದರೂ ಪರವಾಗಿಲ್ಲ, ಬಿಚ್ಚಿಯೇ ಮಲಗುವುದು. ನಾಳೆ ಮಾಡೋಣ ಎಂದರೆ ಬೆಳಿಗ್ಗೆಗೆ ಬೇರಿಂಗ್ ಕೆಂಪಾಗಿರುತ್ತದೆ. ಅಲೆ ದಾಟುವಾಗ ರೀಲ್‌ಗೆ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಹಾಕುತ್ತೇನೆ. ನೀರಿಗಲ್ಲ, ಮರಳಿಗೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಕಡಲು ಆಗ ಕಯಾಕ್‌ಗೂ ಆಗದ ಜಾಗ. ಆ ಎರಡು ತಿಂಗಳು ಮೂರೂ ರೀಲ್ ಮೇಜಿನ ಮೇಲೆ ಬಿಚ್ಚಿರುತ್ತವೆ. ಲೈನ್ ರೋಲರ್ ಬೇರಿಂಗ್ ಕೆಟ್ಟಿರಲಿ ಬಿಡಲಿ ಹೊಸದು ಹಾಕುತ್ತೇನೆ. ಹಳೆಯದನ್ನು ಕ್ಯಾಲಿಪರ್‌ನಲ್ಲಿ ಅಳೆದು ಅದೇ ಅಳತೆಯ ಸ್ಟೇನ್‌ಲೆಸ್ ಬೇರಿಂಗ್ ತರಿಸಿದರೆ ಆಯಿತು. ಹತ್ತರ ಕಟ್ಟು ತರಿಸಿದರೆ ಒಂದಕ್ಕೆ ಐವತ್ತು ಅರವತ್ತು ಬೀಳುತ್ತದೆ. ಒಂದು ಸಿಯೆನ್ನಾದಲ್ಲಿ ಈ ಸಲ ಬೇರಿಂಗ್ ತೆಗೆದು ಪ್ಲಾಸ್ಟಿಕ್ ಬುಷ್ ಹಾಕಿದ್ದೇನೆ. ತಿರುಗುವುದು ಸ್ವಲ್ಪ ಭಾರ, ಆದರೆ ತುಕ್ಕಿನ ಮಾತೇ ಇಲ್ಲ. ಬ್ರೇಡ್ ಮೇಲೆ ಏನು ಪರಿಣಾಮ ಅನ್ನುವುದು ಬಾರಾಮುಂಡಿ ಮೀನಿನ ಸಮಯ ಮುಗಿದ ಮೇಲೆ ಗೊತ್ತಾಗುತ್ತದೆ.

ಒಟ್ಟು ಖರ್ಚು ಕೇಳಿದರೆ, ಮೂರು ರೀಲ್, ಗ್ರೀಸ್, ಬೇರಿಂಗ್, ಕಾರ್ಬನ್ ವಾಷರ್ ಎಲ್ಲ ಸೇರಿ ಹನ್ನೊಂದು ಸಾವಿರದ ಆಸುಪಾಸು. ಮಲ್ಪೆಯ ಗೆಳೆಯನ ಒಂದೇ ರೀಲ್ ಅದಕ್ಕಿಂತ ದುಬಾರಿ. ಮೊನ್ನೆ ಅವನೂ ಫೋನ್ ಮಾಡಿ ಮರೈನ್ ಗ್ರೀಸ್ ಎಲ್ಲಿ ಸಿಗುತ್ತದೆ ಅಂತ ಕೇಳಿದ. ಅಂಗಡಿ ಹೇಳಿದ್ದೇನೆ, ಎಣ್ಣೆ ಹೇಳಿಲ್ಲ.