ನಾಲ್ಕೂವರೆ ವರ್ಷದ ಹುಡುಗನಿಗೆ ಹಲ್ಲಿನ ಸೆಟ್ಟು ಮಾಡಿದ್ದು

ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ತಾಯಿ ಮಗ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದಾಗ ಹುಡುಗನ ತಲೆಯ ಮೇಲೆ ಒದ್ದೆ ಟವೆಲ್ ಇತ್ತು. ಏಪ್ರಿಲ್ ತಿಂಗಳು. ಬಾಯಲ್ಲಿ ಇದ್ದದ್ದು ಎರಡೇ ಹಲ್ಲು, ಮೇಲೆ ಮುಂದುಗಡೆ, ಮಲ್ಲಿಗೆ ಮೊಗ್ಗಿನಂತೆ ಚೂಪಾಗಿ. ತೆಳುವಾದ ಕೂದಲು, ಒಣ ಚರ್ಮ. ಮೈ ಬೆವರುವುದೇ ಇಲ್ಲ, ಬಿಸಿಲಿಗೆ ಹೋದರೆ ಜ್ವರ ಬಂದ ಹಾಗೆ ಸುಡುತ್ತದೆ ಎಂದರು ತಾಯಿ. ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂಬ ಹುಟ್ಟಿನಿಂದಲೇ ಬರುವ ತೊಂದರೆ ಇದು.

‘ತಡವಾಗಿ ಬರುತ್ತವೆ, ಕಾಯಿರಿ’ ಎಂದು ಎರಡು ಕಡೆ ಹೇಳಿ ಕಳಿಸಿದ್ದರಂತೆ. ಎಕ್ಸ್‌ರೇ ತೆಗೆದರೆ ವಸಡಿನೊಳಗೆ ಶಾಶ್ವತ ಹಲ್ಲುಗಳ ಮೊಳಕೆಯೂ ಬಹುಪಾಲು ಇರಲಿಲ್ಲ. ಕಾಯುವುದು ಯಾವುದಕ್ಕೆ? ಮನೆಯಲ್ಲಿ ಮಾತ್ರ ಬಸುರಿ ಗ್ರಹಣದ ದಿನ ಹೊರಗೆ ಹೋದದ್ದೇ ಕಾರಣ ಎಂಬ ತೀರ್ಮಾನವಾಗಿಬಿಟ್ಟಿತ್ತು. ತಾಯಿಯ ಬಾಯಿ ನೋಡಿದೆ. ಅವರಿಗೂ ಮೇಲಿನ ಒಂದು ಹಲ್ಲು ಮೊನಚಾಗಿತ್ತು. ಈ ದೋಷ ಹೆಚ್ಚಾಗಿ ಎಕ್ಸ್ ವರ್ಣತಂತುವಿನಲ್ಲಿ ಬರುತ್ತದೆ, ತಾಯಿಯಲ್ಲಿ ಅಷ್ಟಾಗಿ ಕಾಣದೆ ಮಗನಲ್ಲಿ ಪೂರ್ತಿಯಾಗಿ ಕಾಣಿಸುತ್ತದೆ. ಇದನ್ನು ಹೇಳುವಾಗ ಎಚ್ಚರ ಬೇಕು, ಇಲ್ಲದಿದ್ದರೆ ಗ್ರಹಣ ಹೋಗಿ ಜೀನಿನ ಹೆಸರಿನಲ್ಲಿ ಅಪವಾದ ಮತ್ತೆ ಅದೇ ಹೆಣ್ಣಿನ ತಲೆಗೆ ಬರುತ್ತದೆ. ಆದ್ದರಿಂದ ತಂದೆಯನ್ನೂ ಕರೆಸಿ, ಇದು ಯಾರ ತಪ್ಪೂ ಅಲ್ಲವೆಂದು ಎದುರಿಗೇ ಹೇಳಿದೆ.

ಮೊದಲ ಎರಡು ಭೇಟಿಯಲ್ಲಿ ಬಾಯಿಗೆ ಕೈ ಹಾಕಲಿಲ್ಲ. ಅಚ್ಚು ತೆಗೆಯುವ ಆಲ್ಜಿನೇಟ್ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಅವನ ಅಂಗೈಯಲ್ಲಿಟ್ಟೆ. ಅದು ರಬ್ಬರಿನಂತೆ ಗಟ್ಟಿಯಾಗುವುದನ್ನು ನೋಡಿ, ಮುಷ್ಟಿ ಬಿಚ್ಚಿ, ತನ್ನದೇ ಬೆರಳುಗಳ ಗುರುತು ಎಣಿಸಿದ. ಮೂರನೆಯ ಸಲ ನೆಟ್ಟಗೆ ಕೂರಿಸಿ, ಕೆಳಗಿನ ದವಡೆಯ ಅಚ್ಚು ಮೊದಲು ತೆಗೆದೆ. ಅಂಗುಳ ಮುಟ್ಟದ ಕಾರಣ ಅಲ್ಲಿ ವಾಕರಿಕೆ ಕಡಿಮೆ. ಅಷ್ಟು ಚಿಕ್ಕ ಬಾಯಿಗೆ ಹೊಂದುವ ಕೃತಕ ಹಲ್ಲುಗಳು ಸಿಗದೆ, ದೊಡ್ಡವರ ಹಲ್ಲುಗಳಲ್ಲಿ ತೀರಾ ಸಣ್ಣ ಅಳತೆಯವನ್ನೇ ತರಿಸಿ ಉಜ್ಜಿದೆ. ಹಾಲುಹಲ್ಲಿನಲ್ಲಿ ಇರುವಂತೆ ನಡುವೆ ಸಂದು ಬಿಟ್ಟು ಜೋಡಿಸಿದೆ. ಚೂಪು ಹಲ್ಲುಗಳೆರಡನ್ನೂ ಕೀಳಲಿಲ್ಲ. ಅವುಗಳಿಗೆ ಹಲ್ಲಿನದೇ ಬಣ್ಣದ ಕಾಂಪೋಸಿಟ್ ಎಂಬ ಪದಾರ್ಥ ತುಂಬಿ ಆಕಾರ ಕೊಟ್ಟು, ಮೇಲಿನ ಸೆಟ್ಟಿಗೆ ಅವುಗಳದೇ ಆಸರೆ ಮಾಡಿದೆ.

ಕಷ್ಟವಾದದ್ದು ಕೆಳಗಿನದು. ಹಲ್ಲು ಹುಟ್ಟದ ಕಡೆ ಹಲ್ಲನ್ನು ಹಿಡಿಯುವ ಮೂಳೆ ಸರಿಯಾಗಿ ಬೆಳೆಯುವುದಿಲ್ಲ, ವಸಡಿನ ದಿಂಡು ಕತ್ತಿಯ ಅಲಗಿನಷ್ಟು ಸಪೂರ. ನಾಲಿಗೆ ಎತ್ತಿದರೆ ಸೆಟ್ಟೂ ಎದ್ದು ಬರುತ್ತಿತ್ತು. ಎರಡು ವಾರ ಮೇಲಿನದನ್ನು ಮಾತ್ರ ಹಾಕಿಸಿ, ಅದು ರೂಢಿಯಾದ ಮೇಲೆ ಕೆಳಗಿನದನ್ನು ಕೊಟ್ಟೆ. ಗಂಜಿಯಿಂದ ಕಡುಬಿಗೆ, ಕಡುಬಿನಿಂದ ಮೆತ್ತನೆಯ ಅಕ್ಕಿರೊಟ್ಟಿಗೆ ಬರಲು ತಿಂಗಳ ಮೇಲಾಯಿತು. ರಾತ್ರಿ ತೆಗೆದು ನೀರಿನಲ್ಲಿ ಹಾಕಿಡುವ ಕೆಲಸವನ್ನು ಅವನೇ ವಹಿಸಿಕೊಂಡ. ‘ಸಂತೆ’ ಎಂಬ ಪದದ ಸಕಾರ ಸರಿಯಾಗಿ ಹೊರಟಿದ್ದನ್ನು ತಾಯಿ ಫೋನಿನಲ್ಲೇ ಕೇಳಿಸಿದರು.

ಬೋಲ್ಟ್ ಹಾಕಿ ಒಂದೇ ಸಲಕ್ಕೆ ಮುಗಿಸಬಾರದೇ ಎಂದು ತಂದೆ ಕೇಳಿದ್ದರು. ಅವರು ಬೋಲ್ಟ್ ಎಂದದ್ದು ಹಲ್ಲಿನ ಇಂಪ್ಲಾಂಟಿಗೆ, ಅದು ಮೂಳೆಗೆ ಅಂಟಿ ನಿಂತುಬಿಡುತ್ತದೆ. ದವಡೆ ಬೆಳೆದಂತೆ ಅದು ಮೇಲೇಳದೆ ಕೆಳಗೇ ಉಳಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುವವರೆಗೆ ಕಾಯುತ್ತೇವೆ. ಅಲ್ಲಿಯವರೆಗೆ ಸೆಟ್ಟು ಬಿಗಿಯಾದಾಗಲೆಲ್ಲ ಒಳಮೈ ಸರಿಪಡಿಸಬೇಕು, ಒಂದೆರಡು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಈ ಮಾತನ್ನು ಮೊದಲ ದಿನವೇ ಹೇಳಿರದಿದ್ದರೆ ಅವರು ಎರಡನೆಯ ಸೆಟ್ಟಿಗೆ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಹುಡುಗ ಈಗ ಎರಡನೆಯ ತರಗತಿ. ಮೊನ್ನೆ ತಾಯಿ ಎಂಟು ತಿಂಗಳ ಮಗಳನ್ನೂ ಎತ್ತಿಕೊಂಡು ಬಂದಿದ್ದರು. ವಸಡಿನ ಮೇಲೆ ಬೆರಳಾಡಿಸಿದೆ. ಕೆಳಗೆ ಮುಂದುಗಡೆ ಒಂದು ಮೊನೆ ಕೈಗೆ ಸಿಕ್ಕಿತು. ವರ್ಷ ತುಂಬಿದ ಮೇಲೆ ಅವಳನ್ನೂ ಕರೆತರಲು ಹೇಳಿದ್ದೇನೆ.