ಒಂದು ಡಿಎನ್‌ಎ, ನೂರಾರು ಆರ್‌ಎನ್‌ಎ: ಟ್ಯೂಬಿನೊಳಗೆ ನಕಲು ತೆಗೆಯುವುದು ಹೇಗೆ?

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಲ್ವಾ? ಮರದ ಅಚ್ಚು ಒಂದೇ, ಬರುವ ಗೊಂಬೆಗಳು ತಟ್ಟೆ ತುಂಬ. ಜೀನಿನಿಂದ, ಅಂದರೆ ಡಿಎನ್‌ಎಯ ಒಂದು ಭಾಗದಿಂದ, ಅದರ ನಕಲಾದ ಆರ್‌ಎನ್‌ಎ ಬರುವುದೂ ಹೆಚ್ಚುಕಡಿಮೆ ಹೀಗೇ. ಇದನ್ನು ನೋಡಲು ಜೀವಕೋಶವೇ ಬೇಕೆಂದಿಲ್ಲ. ಬ್ಯಾಕ್ಟೀರಿಯಾವನ್ನು ಕಾಡುವ ಟಿ7 ವೈರಸ್ಸಿನ ಪಾಲಿಮರೇಸ್, ಅಂದರೆ ಡಿಎನ್‌ಎ ನೋಡಿ ಆರ್‌ಎನ್‌ಎ ಕಟ್ಟುವ ಕಿಣ್ವ, ಸಾಕು. 1970ರಲ್ಲಿ ವಿಜ್ಞಾನಿ ಚೇಂಬರ್ಲಿನ್ ಅವರ ತಂಡ ಈ ಕಿಣ್ವವನ್ನು ವರದಿ ಮಾಡಿತು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳ ತಯಾರಿಕೆಗೂ ಇದೇ ಕಿಣ್ವ ಬಳಕೆಯಾಯಿತು.

ಮೊದಲು ಗ್ಲೌಸ್ ಹಾಕಿ, ಬೆಂಚು ಒರೆಸಿ. ಉಡಾಫೆ ಬೇಡ. ನಮ್ಮ ಬೆರಳಲ್ಲೇ ಆರ್‌ಎನ್‌ಏಸ್ (RNase) ಎಂಬ ಕಿಣ್ವ ಇರುತ್ತದೆ, ಅದು ಆರ್‌ಎನ್‌ಎಯನ್ನು ತುಂಡು ತುಂಡು ಮಾಡುತ್ತದೆ, ಕುದಿಸಿದರೂ ತಣ್ಣಗಾದ ಮೇಲೆ ಮತ್ತೆ ಎದ್ದು ಕೂರುವಷ್ಟು ಗಟ್ಟಿ ಜೀವ. ಕೆಲಸ ಕೆಟ್ಟರೆ ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೆಯೇ.

ಆಮೇಲೆ ಅಚ್ಚು. ಜೀನಿನ ಮುಂದೆ ಟಿ7 ಪ್ರೊಮೋಟರ್ (ಕಿಣ್ವ ಹಿಡಿದು ನಕಲು ಶುರು ಮಾಡುವ ಜಾಗ) ಇರುವ ಪ್ಲಾಸ್ಮಿಡ್, ಅಂದರೆ ಬಳೆಯಂಥ ಡಿಎನ್‌ಎ, ತೆಗೆದುಕೊಂಡು, ಜೀನು ಮುಗಿಯುವ ಕಡೆ ಕತ್ತರಿಸಿ. ಕತ್ತರಿಸದೆ ಬಿಟ್ಟರೆ ಕಿಣ್ವಕ್ಕೆ ಎಲ್ಲಿ ನಿಲ್ಲಬೇಕೆಂದೇ ತಿಳಿಯದು, ಸುಮ್ನೆ ಸುತ್ತು ಹೊಡೆಯುತ್ತದೆ. ತುದಿ ಸಿಕ್ಕರೆ ಕಳಚಿಕೊಂಡು, ಮತ್ತೆ ಪ್ರೊಮೋಟರ್ ಹಿಡಿದು ಹೊಸ ನಕಲು ಶುರು ಮಾಡುತ್ತದೆ.

ಈಗ ಬೆರೆಸಿ: ನೀರು, ಮೆಗ್ನೀಸಿಯಂ ಮತ್ತು ಸ್ಪರ್ಮಿಡಿನ್ (ಡಿಎನ್‌ಎಗೆ ಅಂಟುವ ಒಂದು ರಾಸಾಯನಿಕ) ಇರುವ ಬಫರ್ ದ್ರಾವಣ, ಆರ್‌ಎನ್‌ಎ ಕಟ್ಟಲು ಬೇಕಾದ ಎ-ಯು-ಜಿ-ಸಿ ಎಂಬ ನಾಲ್ಕು ಅಕ್ಷರಗಳು, ಒಂದು ಮೈಕ್ರೋಗ್ರಾಂ ಡಿಎನ್‌ಎ, ಕೊನೆಗೆ ಕಿಣ್ವ. ಐಸ್ ಮೇಲಿಟ್ಟು ಬೆರೆಸಬೇಡಿ, ತಣ್ಣಗಿದ್ದರೆ ಸ್ಪರ್ಮಿಡಿನ್ ಡಿಎನ್‌ಎಯನ್ನು ಗಟ್ಟಿ ಮಾಡಿ ತಳಕ್ಕೆ ಕೂರಿಸಿಬಿಡಬಹುದು. 37 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ದ್ರವ ಬೆಳ್ಳಗೆ ಕದಡಿದರೆ ಗಾಬರಿ ಬೇಡ, ಒಳ್ಳೆಯ ಲಕ್ಷಣವೇ. ಒಂದೊಂದು ಅಕ್ಷರ ಸೇರಿದಾಗಲೂ ಕಳಚಿ ಬೀಳುವ ಪೈರೋಫಾಸ್ಫೇಟ್ ಮೆಗ್ನೀಸಿಯಂ ಜೊತೆ ಸೇರಿ ಹಾಗೆ ಕಾಣುತ್ತದೆ.

ನಕಲು ಹೇಗೆ ಏರುತ್ತದೆಂದು ನೋಡಬೇಕಿದ್ದರೆ 10, 20, 40, 80 ನಿಮಿಷಕ್ಕೆ ಒಂದು ಹನಿ ತೆಗೆದು, ಇಡಿಟಿಎ ಎಂಬ ರಾಸಾಯನಿಕಕ್ಕೆ ಹಾಕಿ. ಅದು ಮೆಗ್ನೀಸಿಯಂ ಕಸಿದುಕೊಳ್ಳುವುದರಿಂದ ಕಿಣ್ವ ಅಲ್ಲಿಗೇ ನಿಲ್ಲುತ್ತದೆ. ಎಲ್ಲವನ್ನೂ ಒಂದೇ ಜೆಲ್‌ನಲ್ಲಿ, ಅಂದರೆ ವಿದ್ಯುತ್ ಹರಿಸಿ ಡಿಎನ್‌ಎ, ಆರ್‌ಎನ್‌ಎಗಳನ್ನು ಗಾತ್ರದಂತೆ ಬೇರ್ಪಡಿಸುವ ಲೋಳೆಯಂಥ ಹಲಗೆಯಲ್ಲಿ, ಓಡಿಸಿ, ಬಣ್ಣ ಹಾಕಿ. ಗೆರೆಯ ಬದಲು ಕೆಳಗಿನವರೆಗೂ ಬಳಿದ ಹಾಗೆ ಕಂಡರೆ ಮತ್ತೆ ಗ್ಲೌಸಿನಿಂದ ಶುರು ಮಾಡಿ. ಸರಿಯಾಗಿದ್ದರೆ ಮೇಲಿನ ಡಿಎನ್‌ಎ ಗೆರೆ ನಾಲ್ಕೂ ಕಡೆ ಒಂದೇ ಸಮ, ಕೆಳಗಿನ ಆರ್‌ಎನ್‌ಎ ಗೆರೆ ಮಾತ್ರ ದಪ್ಪವಾಗುತ್ತಾ ಹೋಗುತ್ತದೆ.