12,34,56,789 ನ ಪೆನ್ನು ಪೇಪರ್‌ನಲ್ಲೇ ಒಡೆಯೋದು ಹೇಗೆ

ದೊಡ್ಡ ಸಂಖ್ಯೆನ ಅವಿಭಾಜ್ಯಗಳ ಗುಣಲಬ್ಧವಾಗಿ ಒಡೆಯಿರಿ ಅಂದ ತಕ್ಷಣ ತುಂಬಾ ಜನ 2, 3, 5, 7 ಅಂತ ಸಾಲಾಗಿ ಭಾಗಿಸ್ತಾ ಹೋಗ್ತಾರೆ, ಅರ್ಧ ಗಂಟೆ ಆದ್ಮೇಲೆ ಬೇಜಾರಾಗಿ ಪೆನ್ನು ಕೆಳಗಿಡ್ತಾರೆ. 12,34,56,789 ಗೆ ಹಂಗೆ ಮಾಡಿದ್ರೆ 500 ಕ್ಕಿಂತ ಜಾಸ್ತಿ ಅವಿಭಾಜ್ಯ ಸಂಖ್ಯೆಗಳನ್ನ ಟ್ರೈ ಮಾಡ್ಬೇಕಾಗುತ್ತೆ, ಅಷ್ಟು ತಾಳ್ಮೆ ನಂಗಂತೂ ಇಲ್ಲ.

ಮೊದ್ಲು ಸಣ್ಣಪುಟ್ಟವನ್ನ ಉದುರಿಸಿಬಿಡಿ. ಕೊನೆ ಅಂಕಿ 9, ಅಂದ್ರೆ 2 ಇಲ್ಲ, 5 ಇಲ್ಲ. ಅಂಕಿಗಳನ್ನ ಕೂಡಿದ್ರೆ 45, ಹಾಗಾಗಿ 9 ರಿಂದ ಭಾಗ ಹೋಗುತ್ತೆ, ಉಳಿಯೋದು 1,37,17,421. ಇದರ ಅಂಕಿಗಳ ಮೊತ್ತ 26, ಸೋ 3 ರ ಕಥೆ ಮುಗೀತು. 7, 11, 13 ನ ಒಂದೇ ಏಟಿಗೆ ಚೆಕ್ ಮಾಡ್ಬಹುದು, ಯಾಕಂದ್ರೆ ಮೂರನ್ನೂ ಗುಣಿಸಿದ್ರೆ 1001 ಬರುತ್ತೆ: ಬಲಗಡೆಯಿಂದ ಮೂರ್ಮೂರು ಅಂಕಿ ಗುಂಪು ಮಾಡಿ ಒಂದನ್ನ ಕೂಡಿ ಇನ್ನೊಂದನ್ನ ಕಳೀರಿ, 421 − 717 + 13 = −283. 283 ಈ ಮೂರರಲ್ಲಿ ಯಾವುದರಿಂದಲೂ ಹೋಗಲ್ಲ, ಹಾಗಾಗಿ ನಮ್ಮ ಸಂಖ್ಯೆನೂ ಹೋಗಲ್ಲ.

ಇಲ್ಲಿಂದ ಮುಂದೆ ಭಾಗಾಕಾರ ಬಿಟ್ಬಿಡಿ. ಫರ್ಮಾ ಅನ್ನೋ ಫ್ರೆಂಚ್ ಗಣಿತಜ್ಞ ಮಾಡಿದ ಉಪಾಯ ಇದೆ, 1643 ರಲ್ಲಿ ಅವನು 202,76,51,281 ನ ಹೀಗೇ ಒಡೆದು 44,021 × 46,061 ಅಂತ ತೋರಿಸಿದ್ದ. ಬೆಸ ಸಂಖ್ಯೆನ ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯೋಕಾದ್ರೆ a² − b² = (a − b)(a + b), ಅಷ್ಟೇ, ಶಾಲೇಲಿ ಬಾಯಿಪಾಠ ಮಾಡಿದ್ದೇ.

1,37,17,421 ರ ವರ್ಗಮೂಲ 3703 ಚಿಲ್ಲರೆ, ಸೋ a ನ 3704 ರಿಂದ ಶುರು ಮಾಡಿ, a² ನಿಂದ ನಮ್ಮ ಸಂಖ್ಯೆ ಕಳೆದಾಗ ಪೂರ್ಣವರ್ಗ (ಅದೇ b²) ಸಿಗೋವರೆಗೂ ಒಂದೊಂದೇ ಏರಿಸಿ. 3704² = 1,37,19,616, ಅದರಲ್ಲಿ ನಮ್ಮ ಸಂಖ್ಯೆ ಕಳೆದ್ರೆ 2195. ಪೂರ್ಣವರ್ಗ 5 ರಲ್ಲಿ ಮುಗಿದ್ರೆ ಕೊನೇಲಿ 25 ಇರ್ಲೇಬೇಕು, ಇಲ್ಲಿ 95 ಇದೆ, ಬಿಡಿ. 3705² = 1,37,27,025, ಕಳೆದ್ರೆ 9604, ಅದು 98²! ಎರಡನೇ ಸಲಕ್ಕೇ ಸಿಕ್ತು. 3705 − 98 = 3607, 3705 + 98 = 3803. ಇವೆರಡೂ ಅವಿಭಾಜ್ಯನಾ ಅಂತ ನೋಡೋಕೆ 61 ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದ್ರೆ ಸಾಕು, ಹೌದು, ಎರಡೂ ಅವಿಭಾಜ್ಯವೇ.

ಅಂದ್ರೆ 12,34,56,789 = 3² × 3607 × 3803. ಇದು ಕೈಗೆ ಬಂದ್ರೆ ಉಳಿದಿದ್ದೆಲ್ಲಾ ಸಲೀಸು: ಘಾತಗಳಿಗೆ ಒಂದೊಂದು ಸೇರಿಸಿ ಗುಣಿಸಿ, 3 × 2 × 2, ಭಾಜಕಗಳು ಒಟ್ಟು 12. ಅವುಗಳ ಮೊತ್ತ ಬೇಕಾ, 13 × 3608 × 3804 = 17,84,22,816.

ಒಂದು ಮಾತು, ಎರಡೇ ಸಲಕ್ಕೆ ಸಿಕ್ಕಿದ್ದು 3607 ಮತ್ತು 3803 ಹತ್ತಿರ ಹತ್ತಿರ ಇದ್ದಿದ್ದಕ್ಕೆ. ಒಂದು ಅಪವರ್ತನ ಪುಟ್ಟದು, ಇನ್ನೊಂದು ದೈತ್ಯ ಆಗಿದ್ರೆ ಈ ದಾರಿ ಭಾಗಾಕಾರಕ್ಕಿಂತ ಹಿಂಸೆ, ಅದಕ್ಕೇ ಮೊದ್ಲು ಚಿಕ್ಕವನ್ನ ತೆಗೀರಿ ಅಂದಿದ್ದು. ಆರ್‌ಎಸ್‌ಎ ಅನ್ನೋ ಗೂಢಲಿಪಿ ವಿಧಾನದಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನ ಗುಣಿಸಿ ಕೀ ಮಾಡುವಾಗ ಅವು ತೀರಾ ಹತ್ತಿರ ಇರಬಾರದು ಅನ್ನೋದೂ ಇದೇ ಕಾರಣಕ್ಕೆ.